ಕರೆದವನು ಕಳಿಸಲಿಲ್ಲ

ನಗುವವರು ಈಗಲೇ ನಕ್ಕುಬಿಡಿ. ಆಮೇಲೆ ನಗು ಬಂದರೂ ಬಾಯಿ ಮುಚ್ಚಿಕೊಂಡಿರಿ, ಇದು ನಡೆದ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಪಕ್ಕದ ಮನೆಯ ಗಿಹೊಗೆ ಆದದ್ದು. ಆಂದೊಂಗ್ ಪೇಟೆಯಿಂದ ಹೊರಟ ಬಸ್ಸು ಹೋಗಿ ನಿಲ್ಲುವ ಕೊನೆಯ ಊರು ನಮ್ಮದು. ಇಲ್ಲಿ ಒಬ್ಬರ ಮನೆಯ ಸಾರು ಉಕ್ಕಿದರೆ ಇನ್ನೊಬ್ಬರ ಮನೆಗೆ ತಿಳಿಯುತ್ತದೆ.

ಅವತ್ತು ಗಿಹೊ ಕೆಲಸ ಬೇಗ ಬಿಟ್ಟು, ಕೊನೆಯ ಬಸ್ಸಿಳಿದು ಬರುತ್ತಿದ್ದ. ಕೊರೆಯುವ ಚಳಿ. ಊರ ಬಾಗಿಲಲ್ಲಿ ಹಳೇ ಬಾವಿ ಇದೆಯಲ್ಲ, ಸಿಮೆಂಟ್ ಚಪ್ಪಡಿ ಮುಚ್ಚಿದ್ದು… ಅದನ್ನು ದಾಟಿದ್ದಷ್ಟೇ. ಹಿಂದಿನಿಂದ ಸದ್ದು ಬಂತು.

ಸರ್ರ್… ಸರ್ರ್…

ರಬ್ಬರ್ ಚಪ್ಪಲಿ ಎಳೆದುಕೊಂಡು ನಡೆಯುವ ಸದ್ದು. ಗಿಹೊ ನಿಂತ. ಅದೂ ನಿಂತಿತು. ತಿರುಗಿ ಮೊಬೈಲ್ ಬೆಳಕು ಬಿಟ್ಟ. ಖಾಲಿ ರಸ್ತೆ. ಗಿಹೊ ಅಂಥ ಧೈರ್ಯವಂತನೇನಲ್ಲ, ಓಡಿದ. ಮನೆಯ ಹೊರಬಾಗಿಲು ಹಾರು ಹೊಡೆದಿತ್ತು. ಸತ್ತವರಿಗೆ ಊಟ ಇಡುವ ಮನೆಯಲ್ಲಿ ಬಾಗಿಲು ಹಾಕುವುದಿಲ್ಲ, ಅದು ನಮ್ಮಲ್ಲಿ ಪದ್ಧತಿ. ಅವನು ಹೊಸ್ತಿಲಲ್ಲಿ ಏದುಸಿರು ಬಿಡುತ್ತಾ ನಿಂತಿದ್ದಾಗ ಅವನ ತೋಳಿಗೆ ತಣ್ಣಗೆ ಏನೋ ಸವರಿಕೊಂಡು ಹೋಯಿತು. ಸರ್ರ್… ಸರ್ರ್… ಅಂಗಳ ದಾಟಿ ಅಮ್ಮನ ಕೋಣೆಯೊಳಗೆ ಹೋಯಿತು.

ಒಳಗಿನಿಂದ ಅಮ್ಮನ ಪಿಸುದನಿ.

"ಬಂದ್ರಾ… ಕೂತ್ಕೊಳ್ಳಿ. ಇವತ್ತೂ ಹೊಟ್ಟೆ ತುಂಬಲಿಲ್ವಾ?"

ಅಮ್ಮ ಅಷ್ಟು ಮೆತ್ತಗೆ ಮಾತಾಡಿದ್ದನ್ನು ಗಿಹೊ ಹುಟ್ಟಿದಂದಿನಿಂದ ಕೇಳಿರಲಿಲ್ಲ.

ಗಿಹೊನ ಅಮ್ಮ ಬುನ್ಯೊಳ ಬಾಯಿ ಹಾಗಿತ್ತು. ಊರಿಗೆ ಊರೇ ಹೆದರುತ್ತಿತ್ತು. ಸೊಂಟ ಮುರಿದು ಹಾಸಿಗೆ ಹಿಡಿದ ಮೇಲೆ ಕಾಲಿನ ಬಲವೆಲ್ಲ ನಾಲಿಗೆಗೇ ಬಂದಿತ್ತು. ಗಂಡನಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಅವನು ಸಾರಿಗೆ ಉಪ್ಪು ಸಾಲದು ಅನ್ನುವುದು, ಇವಳು ನಿಮ್ಮಮ್ಮನ ಕೈಲಿ ಹಾಕಿಸಿಕೊಂಡು ಬನ್ನಿ ಅನ್ನುವುದು. ಹೀಗೇ ಬಾಳಿದರು. ಸುಗ್ಗಿ ಮುಗಿಯುವ ಹೊತ್ತಿಗೆ ಅವನು ಸತ್ತ. ಸತ್ತ ಮೇಲೆ ಇವಳೇ ಹಟ ಹಿಡಿದಳು: ನೂರು ದಿನ ತುಂಬುವ ತನಕ ಹೊತ್ತು ಹೊತ್ತಿಗೆ ಅವನಿಗೆ ಊಟ ಇಡಬೇಕು.

ಊಟ ಇಡುವುದೆಂದರೆ ತಟ್ಟೆ ತಳ್ಳಿ ಬರುವುದಲ್ಲ. ಧೂಪ ಹಚ್ಚಿ ಕರೆಯಬೇಕು. ಹಿತ್ತಾಳೆ ಬಟ್ಟಲಿಗೆ ಊಟದ ಕಡ್ಡಿ ತಾಗಿಸಿ ಸದ್ದು ಮಾಡಬೇಕು. ಅನ್ನದಲ್ಲಿ ಚಮಚ ನೆಟ್ಟು, ಪರದೆ ಎಳೆದು, ಮನೆಯವರೆಲ್ಲ ಹೊರಗೆ ಹೋಗಿ ನಿಲ್ಲಬೇಕು. ಹೋದವರು ಒಂಬತ್ತು ತುತ್ತು ತಿನ್ನುವಷ್ಟು ಹೊತ್ತು ಯಾರೂ ಒಳಗೆ ಕಾಲಿಡಬಾರದು. ಆಮೇಲೆ ಕೆಮ್ಮಿ, ಬರುತ್ತಿದ್ದೇವೆ ಎಂದು ತಿಳಿಸಿ, ಒಳಗೆ ಹೋಗಿ ಅಡ್ಡಬಿದ್ದು, ಹೆಸರು ಬರೆದ ಕಾಗದ ಸುಟ್ಟು ಅವರನ್ನು ಕಳಿಸಿಕೊಡಬೇಕು. ಕಳಿಸಿದರೇ ಊಟ ಮುಗಿದಂತೆ.

ಮಾಡುವವರು ಯಾರು? ಗಿಹೊನ ತಮ್ಮ, ತಂಗಿ ದೂರದ ರಾಜಧಾನಿ ಸೋಲ್‌ನಲ್ಲಿ. ಫೋನಿನಲ್ಲಿ ಅಳುವುದಕ್ಕೆ ಮಾತ್ರ ಅವರಿಗೆ ಬಿಡುವು. ಉಳಿದವನು ಗಿಹೊ, ಹಿರಿಯ ಮಗ, ಮದುವೆಯಾಗದವನು, ಅನ್ನ ಇಟ್ಟರೆ ತಳ ಹಿಡಿಸುವವನು. ಆಂದೊಂಗ್‌ನಲ್ಲಿ ಗಂಟೆ ಲೆಕ್ಕಕ್ಕೆ ಕಂಪ್ಯೂಟರ್ ಆಟ ಆಡಿಸುವ ಅಂಗಡಿಯಲ್ಲಿ ರಾತ್ರಿ ಪಾಳಿಯ ಕೆಲಸ. ಕಡೆಗೆ ಅಪ್ಪನ ಬೂದಿ ಇಟ್ಟಿದ್ದ ಗುಡಿಯವರೇ ಒಂದು ದಾರಿ ತೋರಿಸಿದರು. ಅವರ ಜಾಲತಾಣದಲ್ಲಿ ಅಪ್ಪನ ಫೋಟೊ ಹಾಕಿಕೊಡುತ್ತಾರೆ. ಧೂಪಕ್ಕೊಂದು ಗುಂಡಿ, ಬಟ್ಟಲಿಗೊಂದು, ಚಮಚಕ್ಕೊಂದು. ಒತ್ತಿದರೆ ಪರದೆ ಇಳಿಯುತ್ತದೆ. ಪರದೆ ತಾನಾಗಿ ಏಳುವ ತನಕ ಕಾಯಬೇಕು. ಎದ್ದ ಮೇಲೆ ಕೆಮ್ಮು, ನಮಸ್ಕಾರ, ಕಾಗದ ಸುಡುವುದು, ಅದಕ್ಕೂ ಗುಂಡಿ.

"ಅನ್ನ ಬೇಯಿಸೋಕೆ ಬರದವನ್ನ ಹೆತ್ತಿದೀನಿ, ಅನುಭವಿಸ್ಬೇಕು" ಎಂದು ಬುನ್ಯೊ ಒಪ್ಪಿದಳು.

ಕೆಲವು ದಿನ ಗಿಹೊ ಕೈಯಾರೆ ಒತ್ತಿದ. ಆಮೇಲೆ ಬೇಸರ ಬಂತು. ಬೇಸರ ಬಂದರೆ ಅವನು ಏನು ಮಾಡುತ್ತಾನೆಂದು ಅವನ ಅಂಗಡಿಯ ಹುಡುಗರಿಗೆಲ್ಲ ಗೊತ್ತು. ಆಟದಲ್ಲಿ ಒಂದೇ ಬಂಡೆಗೆ ರಾತ್ರಿಯಿಡೀ ಸುತ್ತಿಗೆ ಹೊಡೆದು ಚಿನ್ನ ತೆಗೆಯಬೇಕು ಅನ್ನಿ. ಇವನು ಹೊಡೆಯುವುದಿಲ್ಲ. ಅದಕ್ಕೊಂದು ತಂತ್ರಾಂಶ ಇಟ್ಟಿದ್ದಾನೆ, ಮ್ಯಾಕ್ರೊ ಅನ್ನುತ್ತಾರೆ. ಒಂದು ಸಲ ಮೌಸ್ ಹಿಡಿದು ಮಾಡಿ ತೋರಿಸಿದರೆ ಸಾಕು. ಎಲ್ಲೆಲ್ಲಿ ಒತ್ತಿದಿರೋ ಅಲ್ಲಲ್ಲೇ ಒತ್ತುತ್ತಾ ಅದು ಬೆಳಗಾಗುವ ತನಕ ದುಡಿಯುತ್ತದೆ. ಅದನ್ನೇ ಅಪ್ಪನ ಊಟಕ್ಕೂ ಕಟ್ಟಿದ. ನೂರು ದಿನದ ಊಟ ಒಂದೇ ವಾರದಲ್ಲಿ ಬಡಿಸಿ ಮುಗಿಸಿಬಿಟ್ಟರೆ ಆಯಿತಲ್ಲ, ಪುಣ್ಯವೂ ಬಂತು, ನಿದ್ದೆಯೂ ಉಳಿಯಿತು ಅಂದುಕೊಂಡ. ಕೆಲಸಕ್ಕೆ ಹೋಗುವಾಗ ತನ್ನ ಕೋಣೆಯಲ್ಲಿ ಅದನ್ನು ಓಡಲು ಬಿಟ್ಟು ಹೋಗುತ್ತಿದ್ದ. ಟಣ್… ಟಣ್… ಎಂದು ಬಟ್ಟಲಿನ ಸದ್ದು ಅಂಗಳದಾಚೆ ಮಲಗಿದ್ದ ಅಮ್ಮನಿಗೆ ಕೇಳಿಸುತ್ತಿತ್ತು. ನಮಗೂ ಕೇಳಿಸುತ್ತಿತ್ತು. ಮಗ ಎಂದರೆ ಹೀಗಿರಬೇಕು ಎಂದು ನಾವೇ ಹೊಗಳಿದ್ದೆವು, ನಮ್ಮ ಬಾಯಿಗಿಷ್ಟು ಮಣ್ಣು ಹಾಕ.

ಈಗ ಆ ರಾತ್ರಿಗೆ ಬನ್ನಿ. ಗಿಹೊ ಅಮ್ಮನ ಕೋಣೆಯ ಬಾಗಿಲು ಸರಿಸಿದ. ಅಮ್ಮ ದಿಂಬಿಗೊರಗಿ ಕೂತಿದ್ದಳು. ಸಂಜೆ ಅವನು ಇಟ್ಟು ಹೋಗಿದ್ದ ಊಟ ಅವಳ ಮುಂದಿರಲಿಲ್ಲ, ಎದುರುಗಡೆ ಸರಿಸಿ ಇಟ್ಟಿತ್ತು. ಬಟ್ಟಲು ನೆಕ್ಕಿದ ಹಾಗೆ ಖಾಲಿ.

"ಅಮ್ಮ… ಯಾರ ಜೊತೆ ಮಾತು?"

"ಮೆಲ್ಲಗೆ. ನಿಮ್ಮಪ್ಪ ಊಟ ಮಾಡ್ತಿದಾರೆ."

"ಅದು ನಿನ್ನ ಊಟ."

"ಹಸಿವಂತೆ ಕಣೋ. ದಿನಾ ಬರ್ತಾರೆ. ಊಟಕ್ಕೆ ಬಾ ಅಂತ ಕರೀತಾರಂತೆ… ಬಂದು ಕೂತು ಚಮಚ ಹಿಡಿಯೋದ್ರಲ್ಲಿ ಬಟ್ಟಲು ಎತ್ತಿಬಿಡ್ತಾರಂತೆ. ಮತ್ತೆ ಕರೀತಾರಂತೆ. ಅದಕ್ಕೆ ನಂದು ಕೊಡ್ತಿದೀನಿ."

"ಎಷ್ಟು ದಿನದಿಂದ?"

ಅಮ್ಮ ಬಟ್ಟಲನ್ನು ಇನ್ನಷ್ಟು ಆಚೆ ಸರಿಸಿದಳು. ಗಿಹೊ ಅವಳ ಕೈ ಹಿಡಿದ. ಕಡ್ಡಿಯಾಗಿತ್ತು. ದಿನಾ ನೋಡುವ ಕಣ್ಣಿಗೆ ಇಳಿದದ್ದು ಕಾಣದೆ ಹೋಗಿತ್ತು. ಗಿಹೊಗೆ ಆಗ ಹೆದರಿಕೆಯಾಯಿತು, ಸತ್ತ ಅಪ್ಪನ ಹೆದರಿಕೆಯಲ್ಲ. ಹೀಗೇ ಬಿಟ್ಟರೆ ಅಮ್ಮ ಉಳಿಯುವುದಿಲ್ಲ. ಅಮ್ಮ ಹೋದರೆ ಅವನನ್ನು ಬೈಯುವುದಕ್ಕೂ ಭೂಮಿಯ ಮೇಲೆ ಒಬ್ಬರಿಲ್ಲ.

ತನ್ನ ಕೋಣೆಗೆ ಹೋದ. ಕಂಪ್ಯೂಟರ್ ಇನ್ನೂ ಓಡುತ್ತಿತ್ತು. ಮೊದಲ ಸಲ ಎದುರು ಕೂತು ನೋಡಿದ.

ಬಾಣದ ಗುರುತು ತಾನೇ ಸರಿಯಿತು. ಧೂಪ. ಟಣ್. ಚಮಚ. ಪರದೆ ಇಳಿಯಿತು. ಈಗ ಕಾಯಬೇಕಿತ್ತು… ಕಾಯಲಿಲ್ಲ. ಕೆಲಸವಿಲ್ಲದೆ ನಿಂತ ಹೊತ್ತನ್ನೆಲ್ಲ ಕತ್ತರಿಸು ಎಂದು ಆಟಕ್ಕೆ ಇಟ್ಟಿದ್ದ ಆಜ್ಞೆ ಹಾಗೇ ಉಳಿದಿತ್ತು. ಆಟದಲ್ಲಿ ಅದು ಜಾಣತನ. ಇಲ್ಲಿ ಕೆಮ್ಮು, ನಮಸ್ಕಾರ, ಕಳಿಸುವುದು, ಮೂರೂ ಕ್ಲಿಕ್ಕು ಇಳಿದ ಪರದೆಯ ಮೇಲೆ ಬಿದ್ದವು. ಅಲ್ಲಿ ಗುಂಡಿಗಳೇ ಇರಲಿಲ್ಲ. ಪುಟ ಮೊದಲಿಗೆ ಹೋಯಿತು. ಧೂಪ. ಟಣ್.

ಕರೆದ. ಬಡಿಸಿದ. ತಿನ್ನುವ ಮೊದಲೇ ಎತ್ತಿದ. ಕಳಿಸಲಿಲ್ಲ. ಮತ್ತೆ ಕರೆದ. ಒಂದಲ್ಲ ಎರಡಲ್ಲ, ಎಷ್ಟೋ ರಾತ್ರಿ, ರಾತ್ರಿಯಿಡೀ.

ಗಿಹೊ ಪ್ಲಗ್ಗು ಕಿತ್ತ. ಅಮ್ಮನ ಹತ್ತಿರ ಹೋಗಿ ಎಲ್ಲ ಹೇಳಿದ. ಅವಳಿಗೆ ಕೂಗುವ ಶಕ್ತಿ ಇರಲಿಲ್ಲ, ಆದರೂ ಬೈದಳು.

"ಹೆತ್ತಪ್ಪನ್ನ ಮನೆ ಬಾಗಿಲಲ್ಲಿ ನಾಯಿ ಓಡಾಡಿಸಿದ ಹಾಗೆ ಓಡಾಡಿಸಿದ್ಯಲ್ಲೋ ಸೋಂಬೇರಿ. ಹೋಗು. ಅದ್ರಲ್ಲಿ ಕರೆದದ್ದನ್ನ ಅದ್ರಲ್ಲೇ ಕಳಿಸು. ಬೆರಳು ಮಾತ್ರ ನಿಂದಾಗಿರ್ಲಿ."

ಕಂಪ್ಯೂಟರನ್ನು ಅಮ್ಮನ ಕೋಣೆಗೆ ತಂದ. ಕೈಯಾರೆ ಒತ್ತಿದ. ಪರದೆ ಇಳಿಯಿತು. ಅಂಗಳಕ್ಕೆ ಹೋಗಿ ನಿಂತ. ಒಳಗೆ ಚಮಚ ಬಟ್ಟಲಿನ ತಳ ಕೆರೆಯುವ ಸದ್ದು. ಕರ್ರ್… ಕರ್ರ್… ಅಮ್ಮ ಅಲ್ಲಾಡಿದ್ದಲ್ಲ, ಅವಳ ಹತ್ತಿರ ಚಮಚ ಇರಲಿಲ್ಲ. ನಿಂತೇ ಇದ್ದ. ಸದ್ದು ನಿಂತ ಮೇಲೆ ಕೆಮ್ಮಿ ಒಳಗೆ ಹೋದ, ನಿಜವಾಗಿಯೇ ಹಣೆ ನೆಲಕ್ಕೆ ಹಚ್ಚಿ ಅಡ್ಡಬಿದ್ದ, ಕಡೆಯ ಗುಂಡಿ ಒತ್ತಿದ.

ಗಂಟಲು ಸರಿಮಾಡಿಕೊಂಡ ಸದ್ದು. ಬಾಗಿಲ ಕಡೆ ಹೋಯಿತು. ಅಮ್ಮ ನಕ್ಕಳು.

"ಹೋದ್ರು. ಹೋಗೋವಾಗ್ಲೂ ಉಪ್ಪು ಸಾಲ್ದು ಅಂದ್ರು."

ಗಿಹೊ ಗೋಡೆಗೊರಗಿ ಕುಸಿದ. "ಸದ್ಯ, ಮುಗೀತು."

"ಎಲ್ಲಿ ಮುಗೀತು…" ಅಮ್ಮನ ದನಿ ಮತ್ತೆ ಇಳಿಯಿತು. "ಇನ್ನೊಂದು ಕೂತಿದೆ."

"ಯಾವುದು?"

"ನನಗೇನ್ ಗೊತ್ತು? ಬಾಗಿಲು ತೆಗೆದಿಟ್ಟು ರಾತ್ರಿಯೆಲ್ಲ ಊಟ ಊಟ ಅಂತ ಕೂಗಿದವನು ನೀನು. ದಾರೀಲಿ ಹೋಗೋ ಹಸಿದ ದೆವ್ವ ಯಾವುದೋ ನಿಮ್ಮಪ್ಪನ ಹಿಂದೇನೇ ಒಳಗೆ ಬಂದಿದೆ. ಮಾತಿಲ್ಲ ಕತೆಯಿಲ್ಲ. ನಿಮ್ಮಪ್ಪ ಬಿಟ್ಟದ್ದನ್ನೆಲ್ಲ ಅದು ತಿಂತಿತ್ತು."

"ಎಲ್ಲಿದೆ?"

ಅಮ್ಮ ಹೊದಿಕೆಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು. "ಕಾಲ ಹತ್ರ."

ಹೆಸರು ಗೊತ್ತಿಲ್ಲದ್ದನ್ನು ಕಾಗದ ಸುಟ್ಟು ಕಳಿಸಲಾಗುವುದಿಲ್ಲ, ಬೈದೇ ಓಡಿಸಬೇಕು. ಸೋರೆ ಬುರುಡೆಯಲ್ಲಿ ಗಂಜಿ, ಕೈಯಲ್ಲಿ ಅಡುಗೆಮನೆಯ ಚೂರಿ. ಕಾಯಿಲೆಯವರ ತಲೆಯ ಸುತ್ತ ಚೂರಿ ಸುಳಿಸಿ, ಗಂಜಿಗೆ ಉಗುಳಿಸಿ, ಹೊರಗೆ ಚೆಲ್ಲಿ, ಚೂರಿಯನ್ನು ಹೊರಬಾಗಿಲ ಕಡೆ ಎಸೆಯಬೇಕು. ತುದಿ ಹೊರಗೆ ಮಾಡಿ ಬಿದ್ದರೆ ಅದು ಹೋಯಿತು. ಮನೆ ಕಡೆ ಮಾಡಿ ಬಿದ್ದರೆ ಇಲ್ಲೇ ಇದೆ. ಹೊರಗೆ ತಿರುಗುವ ತನಕ ಎಸೆಯುತ್ತಲೇ ಇರಬೇಕು.

ಗಿಹೊ ಚೂರಿ ಸುಳಿಸಿದ. "ಹೋ… ಹೋಗು."

"ಭಿಕ್ಷೆಯೋನಿಗೆ ಮುಂದೆ ಹೋಗು ಅಂದ ಹಾಗಾಯ್ತು. ಬೈಯೋದಕ್ಕೂ ಮೆಷಿನ್ ಬೇಕೇನೋ ನಿನಗೆ?" ಬುನ್ಯೊ ಕಾಲ ಕಡೆ ನೋಡಿ ತಾನೇ ಶುರುಮಾಡಿದಳು. "ಲೇ ಗತಿಗೆಟ್ಟದ್ದೇ. ತಿಂದದ್ದಾಯ್ತು, ನೆಕ್ಕಿದ್ದಾಯ್ತು. ಈ ಗಂಜಿ ಕುಡ್ದು ತೊಲಗು. ಇಲ್ಲಾಂದ್ರೆ ಕಬ್ಬಿಣದ ಹಂಡೆಗೆ ತುರುಕಿ, ಮುಚ್ಚಳ ಬಿಗಿದು, ಉರಿ ಹಾಕ್ತೀನಿ. ಕೂಗ್ಕೊಂಡ್ರೂ ತೆಗೆಯಲ್ಲ."

ಅದೇ ಅವಳ ಬಾಯಿಂದ ನಾವು ಗೋಡೆಯಾಚೆ ಕೇಳಿದ ಕಡೆಯ ಬೈಗುಳ.

ಗಿಹೊ ಅಂಗಳಕ್ಕಿಳಿದು ಗಂಜಿ ಚೆಲ್ಲಿ ಚೂರಿ ಎಸೆದ. ಠಣ್… ಕಲ್ಲಿನ ಮೇಲೆ ಗಿರ್ರನೆ ಸುತ್ತಿ ನಿಂತಿತು. ತುದಿ ಮನೆ ಕಡೆ. ಮತ್ತೆ ಎಸೆದ. ಮನೆ ಕಡೆ. ಮತ್ತೆ. ಮತ್ತೆ. ಕೈ ಮರಗಟ್ಟಿತು. ಪ್ರತಿ ಸಲವೂ ಚೂರಿ ಹೊರಗಡೆಗೆ ತಿರುಗಿಕೊಂಡೇ ಬೀಳುತ್ತಿತ್ತು, ನಿಲ್ಲುವ ಹೊತ್ತಿಗೆ ಮೆಲ್ಲಗೆ ಸುತ್ತಿ ಅವನ ಕಡೆ ನೋಡುತ್ತಿತ್ತು.

ಒಳಗಿನಿಂದ ಅಮ್ಮ. "ಏನಾಯ್ತೋ…"

"ಇನ್ನೊಂದು ಸಲ ಅಮ್ಮ."

"ಬೇಗ… ಮೇಲೆ ಹತ್ತಿ ಬರ್ತಿದೆ…"

ಎಸೆದ. ಮನೆ ಕಡೆ. ಅವನು ಕೋಣೆಯ ಬಾಗಿಲತ್ತ ನೋಡಿದ. ಅಲ್ಲಿಂದ ಅಮ್ಮನಿಗೆ ಅಂಗಳ ಕಾಣುವುದಿಲ್ಲ. ಬೂಟಿನ ತುದಿಯಿಂದ ಚೂರಿಯನ್ನು ಹೊರಗಡೆಗೆ ತಿರುಗಿಸಿದ.

"ಹೋಯ್ತು ಅಮ್ಮ. ಹೊರಗೆ ಹೋಯ್ತು."

ಉತ್ತರ ಬರಲಿಲ್ಲ. ನಿದ್ದೆ ಹತ್ತಿರಬೇಕೆಂದು ಹೊರಬಾಗಿಲು ಹಾಕಿ ಮಲಗಿಬಿಟ್ಟ, ಪಾಪಿ.

ಬೆಳಿಗ್ಗೆ ಅಮ್ಮ ಎದ್ದು ಕೂತಿದ್ದಳು. ಅನ್ನ, ಸೊಪ್ಪಿನ ಸಾರು ತಂದಿಟ್ಟ. ಬಟ್ಟಲು ಖಾಲಿ ಮಾಡಿ ಮುಂದೆ ಚಾಚಿದಳು. ಬಡಿಸಿದ. ಮತ್ತೆ ಚಾಚಿದಳು. ಅಮ್ಮ ಉಳಿದಳು ಎಂದು ಗಿಹೊ ಅಡುಗೆಮನೆಯಲ್ಲಿ ನಿಂತು ಅತ್ತ. ಆಮೇಲೆ ಸಾರು ಬಾಯಿಗಿಟ್ಟುಕೊಂಡ. ಉಪ್ಪೇ ಹಾಕಿರಲಿಲ್ಲ, ಆದರೂ ಅಮ್ಮ ಬೈದಿರಲಿಲ್ಲ.

ಬುನ್ಯೊ ಈಗಲೂ ಇದ್ದಾಳೆ. ಮೈ ತುಂಬಿಕೊಂಡಿದ್ದಾಳೆ, ಗೋಡೆ ಹಿಡಿಯದೆ ನಡೆಯುತ್ತಾಳೆ, ವೈದ್ಯರಿಗೇ ಆಶ್ಚರ್ಯ. ಗಿಹೊ ಕೆಲಸ ಬಿಟ್ಟ. ಹೊತ್ತು ಮೂಡಿದರೆ ಅನ್ನ ಬೇಯಿಸುತ್ತಾನೆ, ಮುಳುಗಿದರೆ ಅನ್ನ ಬೇಯಿಸುತ್ತಾನೆ. ಸುಳ್ಳು ಅನ್ನುವವರು ಹೋಗಿ ನೋಡಿ ಬರಬಹುದು, ಬಾಗಿಲು ತೆಗೆದರೆ.

ಮೊನ್ನೆ ನಾನೇ ಮೂಲಂಗಿ ಕಿಮ್ಚಿ ಒಯ್ದು ಕೊಟ್ಟೆ. ಬುನ್ಯೊ ಎರಡೂ ಕೈಯಲ್ಲಿ ಇಸಿದುಕೊಂಡು ಅಲ್ಲೇ ತಿನ್ನತೊಡಗಿದಳು. ಇಷ್ಟು ವರ್ಷ ನನ್ನ ಮೂಲಂಗಿಗೆ ಹೆಸರಿಡದೆ ಬಿಟ್ಟವಳಲ್ಲ. ನಾನು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುವಾಗ ಗಿಹೊ ಹಿಂದೆಯೇ ಬಂದ. ನನ್ನ ಕಿವಿಯಾರೆ ಕೇಳಿದ್ದು, ಆಣೆ ಮಾಡಿ ಹೇಳುತ್ತೇನೆ.

"ಚಿಕ್ಕಮ್ಮ," ಅಂದ, ಪಿಸುಗುಟ್ಟಿದ. "ನಿಮ್ಮನ್ನ ಬೈದ್ಲಾ?"

ಇಲ್ಲಪ್ಪ ಅಂದೆ. ತಲೆಯಾಡಿಸಿ, ಅನ್ನಕ್ಕೆ ನೀರಿಡಲು ಒಳಗೆ ಹೋದ.