ಗೇಟಿಗೆ ಹಾಕಿದ ಕಾವಲು

ಇಲ್ರಿ ಮುರಿಗೆಪ್ಪ ಕಾಕಾ, ಚಾ ಬ್ಯಾಡ. ಮೊದಲ ಈ ಕಾಗದಕ್ಕ ಸಹಿ ಹಾಕ್ರಿ... ಓದಿ ಹೇಳ್ಲಿ? 'ಕಾಲುವೆ ಗೇಟ್ ಕಾಯುವ ನಾನು ನಿನ್ನೆ ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ತಪ್ಪಿ ಬಟನ್ ಒತ್ತಿರುತ್ತೇನೆ.' ಅಷ್ಟ!

ಹಂಗ್ಯಾಕ ನೋಡ್ತೀರಿ? ನಾ ಏನ್ ನಿಮ್ಮ ವೈರಿನ? ಆಫೀಸಿನ ಕಂಪ್ಯೂಟರ್ ನೋಡ್ಕೊಳ್ಳೋ ಕಾಶಿನಾಥ ಅದೀನ್ರಿ, ಎರಡ ವರ್ಷ ನಿಮ್ಮ ಬುತ್ತಿ ಉಂಡಾಂವ! ವಯಸ್ಸಾಗೇತಿ, ಕೈ ತಪ್ಪೇತಿ ಅಂದ್ರ ಯಾರೂ ನಿಮ್ಮನ್ನ ಜೈಲಿಗೆ ಹಾಕಾಂಗಿಲ್ಲ. ಸಾಹೇಬ್ರ ಕಡೆ ನಾ ಮಾತಾಡೇನಿ.

ನಿಮ್ಮೂರ ಭರಮವ್ವ ಸತ್ತದ್ದಕ್ಕ ನನಗೂ ಸಂಕಟ ಐತ್ರಿ. ಖರೇ. ಕಾಲುವ್ಯಾಗ ಅರಿವಿ ಒಗ್ಯಾಕ ಇಳದಾಕಿ... ನೀರ ಎಳಕೊಂಡ ಹೋಗಿ ಮೂರ ಮೈಲ ಕೆಳಗ ಸಿಕ್ಕಳಂತ. ಆದ್ರ ಕಾಕಾ, ಗೇಟ್ ತಾನ ಏಳತೈತೇನು? ಯಾರರ ಎಬ್ಬಿಸಿರಬೇಕಲ್ಲ?

ಯಾಕ, ಕೈ ಯಾಕ ಮುಂದ ಮಾಡ್ತೀರಿ?... ಅಯ್ಯ! ಅಂಗೈ ಎಲ್ಲಾ ಸುಲದೈತಲ್ಲ! ಚಕ್ರ ಕೈಲೆ ತಿರುವಿ ಗೇಟ್ ಇಳಿಸಿದ್ರಿ? ಬಟನ್ ನಿಮ್ಮ ಮಾತ ಕೇಳಲಿಲ್ಲ...

ಹ್ಞಾಂ. ಕೇಳಂಗಿಲ್ಲ. ಆಗ ಗೇಟ್ ಆಫೀಸಿನ ಕಂಪ್ಯೂಟರಿನ ಹಿಡಿತದಾಗಿತ್ತು.

ಹೊಸಾ ಮಷೀನ್ ಅಂತೀರಿ? ಅದನ್ನ ಕಾವಲು ಕಾಯಾಕ ಹಾಕಿದ್ದು! ಲಿನಕ್ಸ್ ಸರ್ವರ್ ಒಳಗ ಕೂಡ್ರಿಸಿದ ವರ್ಚುವಲ್ ಮಷೀನ್ ಅದು. ಬ್ಯಾರೆ ಪೆಟಗಿ ಇಲ್ಲ, ಕಂಪ್ಯೂಟರಿನ ಹೊಟ್ಟ್ಯಾಗ ಇನ್ನೊಂದ ಕಂಪ್ಯೂಟರ್. ಫೈಲ್ ಇಳಿಸಿ, ಮೆಮರಿ ಕೊಟ್ಟು, ನನ್ನ ಕೈಯಾರೆ ಎಬ್ಬಿಸಿ ನಿಲ್ಲಿಸೇನಿ. ಎಲ್ಲಾ ಫೈರ್‌ವಾಲ್ ಅದರ ಮಾತ ಕೇಳತಾವ. ಯಾರನ್ನ ಒಳಗ ಬಿಡಬೇಕು, ಯಾರನ್ನ ಬಿಡಬಾರದು... ಎಲ್ಲಾ ಕೀಲಿಕೈ ಅದರ ಉಡಿಯಾಗ.

ಒಳಗಿನ ನೆಟ್‌ವರ್ಕಿಗೆ ಅಷ್ಟ ಅದನ್ನ ಜೋಡಿಸಬೇಕಿತ್ತು. ನಾ... ಮೂಡಲಗಿಯಿಂದ ದಿನಾ ಬೈಕ್ ಹೊಡ್ಕೊಂಡ ಬರೂದು ನಿಮಗೇನ ಗೊತ್ತು! ಮನ್ಯಾಗ ಕುಂತ ನೋಡಾಕ ಬರ್ಲಿ ಅಂತ ಹೊರಗಿನ ಇಂಟರ್ನೆಟ್ಟಿಗೂ ಜೋಡಿಸಿದ್ನಿ. ಒಂದ ವಾರದ ಮಟ್ಟಿಗೆ! ಪಾಸ್‌ವರ್ಡ್... ಅದು ಕಂಪನಿಯಿಂದ ಬಂದಾಗ ಇದ್ದದ್ದ ಇತ್ತು. ಬದಲಿ ಮಾಡಾಂವ ಇದ್ನಿ. ಖರೇ ಕಾಕಾ, ಮಾಡಾಂವ ಇದ್ನಿ!

ಬಸವಣ್ಣನ ಆಣಿ, ಯಾಂವ ಹೊಕ್ಕಾನೋ ನನಗ ಗೊತ್ತಿಲ್ಲ. ಆರಕ್ಕ ಹತ್ತ ನಿಮಿಷ ಕಮ್ಮಿ ಇದ್ದಾಗ ಹೊಕ್ಕು...

ಏನ್ರಿ? ಆ ಹೊತ್ತು ನನಗ ಹೆಂಗ ಗೊತ್ತಂತ ತಲಿ ಎತ್ತಿದ್ರಿ?

ಇಲ್ಲ... ಹೊತ್ತು ನನಗ ಯಾರೂ ಹೇಳಿಲ್ಲ. ಪೊಲೀಸ್ರಿಗೂ ಇನ್ನಾ ಗೊತ್ತಿಲ್ಲ.

ಬಯ್ರಿ! ಒಂದ ಏಟರ ಹೊಡೀರಿ!

ಫೋನಿಗೆ ಸಂದೇಶ ಬಂತರಿ. ಮಷೀನ ಕಳಿಸ್ತು. ಅದು ತನ್ನ ಕೆಲಸ ಮಾಡ್ತು ಕಾಕಾ... 'ಹೊರಗಿನಾಂವ ಒಳಗ ಬಂದಾನ' ಅಂತ. ಸುಳ್ಳ ಸಂದೇಶ ದಿನಾ ಹತ್ತ ಬರತಿದ್ವು, ಇದೂ ಹಂಗ ಅನ್ಕೊಂಡ್ನಿ. ಮತ್ತೊಂದ ಬಂತು. ಫೋನಿನ ದನಿ ಬಂದ್ ಮಾಡಿ ಮಗ್ಗಲಾ ಹೊಳ್ಳಿ ಮಲಗಿದ್ನಿ. ಏಳೂವರಿಗೆ ಎದ್ದ ನೋಡಿದ್ರ ಮೂರನೇದು ಬಿದ್ದಿತ್ತು... 'ಗೇಟ್ ಏರಾಕತ್ತೇತಿ.'

ನಾ ಮಗ್ಗಲಾ ಹೊಳ್ಳಿದಾಗ... ಆಕಿ ಇನ್ನಾ ದಂಡಿ ಮ್ಯಾಲ ಇದ್ಲೇನ್ರಿ?

ಕಾಕಾ... ನಾ ನಿಮಗೊಂದ ಫೋನ್ ಮಾಡಿದ್ರ, ನಿಮ್ಮ ಒಂದ ಕೂಗು ಕೇಳಸೂವಷ್ಟ ದೂರ ಇದ್ಲೇನ್ರಿ?