ದೋಣಿಗೊಂದು ಚಪ್ಪರ

ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಯಾರೋ ಭಾವ, ಭಾಮೈದ ನಿಂತಿದ್ದರು. ಇಬ್ಬರೂ ಸೇರಿ ಕೊಂಡ ಹಾಯಿದೋಣಿಯ ಮಾತು ನಡೆದಿತ್ತು.

“ಭಾವ, ಡೆಕ್ ಮೇಲೆ ಕಾಲಿಟ್ರೆ ಮೆತ್ತಗೆ ಕುಸಿಯುತ್ತೆ. ಮಾರಿಬಿಡಿ ಅಂತ ಅಕ್ಕ ಹಟ ಹಿಡಿದಿದ್ದಾಳೆ.”

“ಮೇಲಿನ ಫೈಬರ್ ಹೊದಿಕೆ ಗಟ್ಟಿಯಾಗೇ ಇದೆಯಲ್ಲೋ!”

“ಅದರ ಕೆಳಗಿನ ಮರ ನೀರು ಕುಡಿದು ಕೊಳೆತಿದೆ.”

“ನೀರು ಎಲ್ಲಿಂದ ಬಂತು ಮಾರಾಯ?”

“ನೀವು ಕೊರೆದ ಸ್ಕ್ರೂ ತೂತುಗಳಿಂದ.”

“ಡೆಕ್ ಮೇಲೆ ಮಳೆ ಬೀಳಬಾರದು ಅಂತ ಚಪ್ಪರ ಹಾಕೋಕೆ ಕೊರೆದಿದ್ದು ಕಣೋ ಅದು!”

“ಹೌದು. ಈಗ ಮಳೆ ಡೆಕ್ ಮೇಲೆ ಬೀಳ್ತಿಲ್ಲ, ಚಪ್ಪರದ ಕಂಬ ಹಿಡಿದು ನೇರ ಒಳಗೇ ಇಳೀತಿದೆ. ಮರ ಬದಲಾಯಿಸಿ ತೂತು ಮುಚ್ಚೋಣ. ಅಕ್ಕನ್ನ ನಾನು ಒಪ್ಪಿಸ್ತೀನಿ.”

“ನೀನು ಹೇಳಿದ ಹಾಗೇ ಆಗಲಿ.”

ಸರದಿ ಬಂತು. ಭಾವ ಹಲಗೆ, ಅಂಟು ಕೊಂಡು, “ಉದ್ದನೆಯ ಸ್ಕ್ರೂಗಳನ್ನೂ ಕೊಡಿ” ಎಂದರು.

“ಅದ್ಯಾಕೆ ಭಾವ?”

“ಹೊಸ ಮರ ಕಣೋ, ಮಳೇಲಿ ಬಿಡೋಕಾಗುತ್ತಾ?” ಎನ್ನುತ್ತಾ ಭಾವ ಬಾಗಿಲು ದಾಟಿದರು.