ಎರಡನೆಯ ಶಾಲು

ಸಭೆಯ ಅಧ್ಯಕ್ಷರೂ ನಾಟಕ ತಂಡದ ಸಂಚಾಲಕರೂ ಆದ ವಿರುಪಾಕ್ಷ ಅವರೇ, ವೇದಿಕೆಯ ಮೇಲಿನ ಗಣ್ಯರೇ, ಮೆಲ್ಬರ್ನಿನ ಮೂಲೆಮೂಲೆಯಿಂದ ಬಂದು ಪಾರ್ಕಿಂಗ್ ಹುಡುಕಿ ಸುಸ್ತಾಗಿರುವ ಸಭಿಕರೇ,

ಸನ್ಮಾನವನ್ನು ನಾಟಕಕ್ಕೆ ಮೊದಲೇ ಇಟ್ಟಿದ್ದೀರಿ. ಜಾಣತನ. ಆಮೇಲೆ ಇಟ್ಟಿದ್ದರೆ ಯಾರು ಉಳಿಯುತ್ತಿದ್ದರು?

‘ತಂಡದ ಸಂಸ್ಥಾಪಕ ಚಕ್ರಪಾಣಿ’ ಎಂದು ನನ್ನನ್ನು ಕರೆದಿರಿ. ನಿಜ. ಕಳೆದ ವರ್ಷ ವಾಟ್ಸಾಪ್‌ನಲ್ಲಿ ‘ಕೂಡಿ ನಾಟಕ ಕಟ್ಟುವವರು ಬೇಕು’ ಎಂದು ಹಾಕಿದವನು ನಾನೇ. ಟ್ರುಗನಿನಾದ ನಮ್ಮ ಗ್ಯಾರೇಜಿಗೆ ಜೂಲಿಯಾನಾ ಸೇರಿ ಆರು ಜನ ಬಂದರು. ಕಾರನ್ನು ಹೊರಗಿಟ್ಟು ಆರು ಕುರ್ಚಿ ಹಾಕಿದ್ದೆ. ಕೂಡಿ ಕಟ್ಟೋಣ ಎಂದೆ. ಎಂದವನೇ, ನಾನು ಬರೆದು ಮುಗಿಸಿದ್ದ ನಾಟಕ ತೆಗೆದು ಓದತೊಡಗಿದೆ. ನಾಲ್ಕು ಶನಿವಾರ ಓದಿದೆ. ಸಿದ್ಧನಾಗಿ ಬರುವುದು ತಪ್ಪೇ?

ನಾಲ್ಕನೆಯ ಶನಿವಾರ ಜೂಲಿಯಾನಾ ಹೇಳಿದರು: “ಒಮ್ಮೆ ನಿಲ್ಲಿಸಿ ಮಾರಾಯ್ರೆ. ನಮಗೂ ಬಾಯಿ ಉಂಟು.” ಮಂಗಳೂರಿನವರು, ಮನೆಮಾತು ಕೊಂಕಣಿ. ತಾವೂ ಒಂದು ದೃಶ್ಯ ಬರೆದು ತಂದಿದ್ದರು. ನಾನು ಅದರಲ್ಲಿ ಹನ್ನೊಂದು ತಪ್ಪು ತೋರಿಸಿದೆ. ಪ್ರೀತಿಯಿಂದಲೇ. ಪೆನ್ನು ಕೆಂಪಾಗಿತ್ತು, ಅಷ್ಟೆ.

ಐದನೆಯ ಶನಿವಾರ ಆರು ಕುರ್ಚಿಯೂ ಖಾಲಿ. ಎಲ್ಲರಿಗೂ ಏನೋ ಕೆಲಸ. ಪ್ರತಿ ಶುಕ್ರವಾರ ಗ್ರೂಪಿನಲ್ಲಿ ‘ನಾಳೆ ಬರುತ್ತೀರಲ್ಲ?’ ಎಂದು ನಾನು ಹಾಕುತ್ತಲೇ ಇದ್ದೆ. ಅವರೆಲ್ಲ ಪಾಯಿಂಟ್ ಕುಕ್‌ನಲ್ಲಿ, ಜೂಲಿಯಾನಾ ಅವರ ಅಡುಗೆಮನೆಯಲ್ಲಿ, ನಾನಿಲ್ಲದ ಇನ್ನೊಂದು ಗ್ರೂಪ್ ಮಾಡಿಕೊಂಡು ಈ ನಾಟಕ ಕಟ್ಟುತ್ತಿದ್ದರೆಂದು ತಿಳಿದದ್ದು ಇವತ್ತಿನ ಆಮಂತ್ರಣ ಬಂದಾಗ.

ದೂರುತ್ತಿಲ್ಲ. ಸಿಡ್ನಿಯ ಗಿರಾವೀನ್‌ನಲ್ಲಿದ್ದಾಗಲೂ ಒಂದು ತಂಡ ಹುಟ್ಟುಹಾಕಿದ್ದೆ. ಅಲ್ಲಿಯೂ ಸಂಸ್ಥಾಪಕನೆಂದು ಶಾಲು ಹೊದಿಸಿದರು. ಅಲ್ಲಿಂದ ಮುಂದೆ ಯಾರೂ ತಾಲೀಮಿಗೆ ಕರೆಯಲಿಲ್ಲ. ನಮ್ಮವರು ಯಾರನ್ನೂ ಹೊರಗೆ ಹಾಕುವುದಿಲ್ಲ, ಶಾಲು ಹೊದಿಸುತ್ತಾರೆ. ಇದು ನನ್ನ ಎರಡನೆಯದು. ಬಣ್ಣ ಚೆನ್ನಾಗಿದೆ.

ಈಗಷ್ಟೇ ಇದನ್ನು ಹೊದಿಸುತ್ತ ವಿರುಪಾಕ್ಷ ಕಿವಿಯಲ್ಲಿ ಹೇಳಿದರು: “ಸರ, ಇನ್ನ ನೀವು ಮುಂದಿನ ಸಾಲಿನ್ಯಾಗ ಆರಾಮ ಕುಂದರ್ರಿ.”

ಕೂರಲೇ? ಒಳಗೆ ಬರುವಾಗ ಒಂದು ಮಾತು ಕಿವಿಗೆ ಬಿತ್ತು, ಪರದೆ ಎಳೆಯಲು ಜನ ಸಿಕ್ಕಿಲ್ಲವಂತೆ. ಪರದೆ ಎಳೆಯುವವನಿಗೆ ಮಾತಿಲ್ಲ. ನನಗದು ಕಷ್ಟ, ಕಲಿಯುತ್ತೇನೆ. ಜೂಲಿಯಾನಾ, ಪೆನ್ನು ಮನೆಯಲ್ಲೇ ಬಿಟ್ಟು ಬಂದಿದ್ದೇನೆ.

ಈ ಶಾಲನ್ನು ಮುಂದಿನ ಸಾಲಿನ ನನ್ನ ಕುರ್ಚಿಯ ಮೇಲೆ ಇಟ್ಟು ಹೋಗುತ್ತೇನೆ. ಸನ್ಮಾನಿತರು ಅಲ್ಲೇ ಕೂತಿದ್ದಾರೆಂದು ತಿಳಿಯಿರಿ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು. ಹಗ್ಗ ಯಾವ ಕಡೆ ಇದೆಯೆಂದು ಯಾರಾದರೂ ತೋರಿಸುತ್ತೀರಾ?

ನಮಸ್ಕಾರ.